ಎಡಗೈ ಅಳತೆಯ ಕವರ್

೧೧ ಜೂನ್ ೧೯೮೪, ಸೋಮವಾರ

ಮತ್ತೆ ಬಿತ್ತು. ಬೆಳಿಗ್ಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ. ಬಿದ್ದದ್ದು ಗೇಮ್, ಬೈಸಿಕೊಂಡದ್ದು ನಾನು.

ತಮ್ಮ ಈರಣ್ಣ ಮಸ್ಕತ್‌ನಿಂದ ರಜೆಗೆ ಬಂದವನು ಅಪ್ಪನಿಗೆಂದು ಕೊಟ್ಟು ಹೋದ ಗೇಮ್. ಅಂಗೈಯಗಲ, ತೆಳ್ಳಗೆ, ವಾಚಿನ ಸೆಲ್ಲಿನಿಂದ ನಡೆಯುವಂಥದ್ದು. ಗಾಜಿನೊಳಗೆ ಒಬ್ಬ ಕುಳ್ಳ ಮನುಷ್ಯ. ಮೇಲಿಂದ ತೆಂಗಿನಕಾಯಿ ಬೀಳುತ್ತವೆ, ಅವನು ಅತ್ತಿತ್ತ ಓಡಿ ತಪ್ಪಿಸಿಕೊಳ್ಳಬೇಕು. ಎರಡೂ ಗುಂಡಿ ಎಡಗಡೆಗೇ ಇವೆ, ಒಂದರ ಕೆಳಗೊಂದು. ಅಪ್ಪನ ಎಡಗೈಗೆ ಅನುಕೂಲ ಅಂತ ಹುಡುಕಿ ತಂದನಂತೆ. ದೊಡ್ಡ ಉಪಕಾರ! ಅಪ್ಪನನ್ನೇ ಮಸ್ಕತ್‌ಗೆ ಕರೆದೊಯ್ದಿದ್ದರೆ ಇನ್ನೂ ಅನುಕೂಲವಾಗುತ್ತಿತ್ತು.

ಲಕ್ವಾ ಹೊಡೆದು ಎರಡು ವರ್ಷವಾಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು. ನಾಲಿಗೆಗೆ ಏನೂ ಆಗಲಿಲ್ಲ. ಲೋಂಡಾ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಹಮಾಲರನ್ನು ಬೈದು ಬೈದು ಪಳಗಿದ ನಾಲಿಗೆ. ಈಗ ಖಾಸಬಾಗದ ಈ ಮನೆಯಲ್ಲಿ ಹಮಾಲಿ ನಾನೊಬ್ಬಳೇ.

ಒಂದು ಮಾತು ಒಪ್ಪಬೇಕು. ಆಡುವಷ್ಟು ಹೊತ್ತು ಬೈಯುವುದಿಲ್ಲ. ಜಾರಿ ಬಿದ್ದ ಕೂಡಲೇ ಶುರು, ಕೈಗೆ ಸಿಕ್ಕಿದ್ದು ಗೋಡೆಗೆ. ಇವತ್ತು ನೀರಿನ ತಂಬಿಗೆ.

೧೩ ಜೂನ್, ಬುಧವಾರ

ಆರ್ಡರ್ ಬಂತು. ಖಾನಾಪುರದ ಹೊಲಿಗೆ ಕೇಂದ್ರದಲ್ಲಿ ಕಲಿಸುವ ಕೆಲಸ. ಹುಡುಗಿಯರ ವಸತಿಯನ್ನೂ ನೋಡಿಕೊಳ್ಳಬೇಕು, ಆದ್ದರಿಂದ ಅಲ್ಲೇ ಇರಬೇಕು. ಒಂದು ಕೋಣೆ ಕೊಡುತ್ತಾರೆ. ಶನಿವಾರ ಸಂಜೆ ಊರಿಗೆ ಬರಬಹುದು. ಜುಲೈ ಹದಿನಾರಕ್ಕೆ ಹಾಜರಾಗಬೇಕು.

ಅಪ್ಪನಿಗೆ ಹೇಳಿಲ್ಲ. ಬಂದ ವರಗಳನ್ನೆಲ್ಲ ಒಂದಲ್ಲ ಒಂದು ಕೊಂಕು ತೆಗೆದು ಓಡಿಸಿದವನಿಗೆ ಒಂದು ಆರ್ಡರ್ ಯಾವ ಲೆಕ್ಕ?

ಹಿಂದಿನ ಓಣಿಯ ನಿಂಗವ್ವನನ್ನು ಕೇಳಿದೆ, ಹಗಲೂ ರಾತ್ರಿ ಇರುತ್ತೀಯಾ ಎಂದು. ಗಂಡ ಇಲ್ಲ, ಮಕ್ಕಳಿಲ್ಲ, ಗಟ್ಟಿ ಹೆಂಗಸು. ಕೂತು ವಿಚಾರ ಮಾಡಿ ಹೇಳಿದಳು:

"ಉಣಸ್ತೀನ್ರಿ ಅಕ್ಕಾರ, ಜಳಕಾ ಮಾಡಸ್ತೀನಿ, ಏನ್ ಹೇಳಿದ್ರೂ ಮಾಡ್ತೀನಿ. ಆದ್ರ ಹಂಗ ಎಸದಾಡಿದ್ರ ನಾ ಒಂದ್ ಗಳಿಗಿ ನಿಲ್ಲಂಗಿಲ್ಲ. ನನ್ನ ತಲಿ ಒಡದ್ರ ಕೇಳವ್ರು ಯಾರ್ ಅದಾರ?"

ಕೈಯಿಂದ ಜಾರದಂಥ ಕವರ್ ಹಾಕಿದರೆ ಗೇಮ್ ಬೀಳುವುದಿಲ್ಲ. ಬೀಳದಿದ್ದರೆ ಅಪ್ಪ ಎಸೆಯುವುದಿಲ್ಲ. ಎಸೆಯದಿದ್ದರೆ ನಿಂಗವ್ವ ನಿಲ್ಲುತ್ತಾಳೆ. ನಿಂತರೆ ನಾನು ಹೋಗುತ್ತೇನೆ. ನನ್ನ ಬಿಡುಗಡೆ ಒಂದು ಕವರಿನ ಮೇಲೆ ಬಂದು ನಿಂತಿದೆ. ನಗಬೇಕೋ ಅಳಬೇಕೋ.

೧೭ ಜೂನ್, ರವಿವಾರ

ಖಡೇ ಬಜಾರ್ ಸುತ್ತಿದೆ. ಗೇಮಿನ ಜೊತೆ ಬಂದ ಪ್ಲಾಸ್ಟಿಕ್ ಚೀಲ ಬೆವರಿಗೆ ಸೋಪಿನಂತೆ ಜಾರುತ್ತದೆ. ಗೇಮಿಗೆ ಕವರ್ ಎಂದರೆ ಅಂಗಡಿಯವರು ಮುಖ ಮುಖ ನೋಡುತ್ತಾರೆ. ಕ್ಯಾಮೆರಾದ್ದು ದೊಡ್ಡದು, ಕನ್ನಡಕದ್ದು ಸಣ್ಣದು. ಕೊನೆಗೆ ಸಣ್ಣ ಟ್ರಾನ್ಸಿಸ್ಟರಿನ ಚರ್ಮದ ಕವರ್ ಸರಿಹೋಯಿತು. ಬ್ಯಾಗ್ ರಿಪೇರಿ ಮಾಯಪ್ಪ ಗಾಜಿಗೆ ಒಂದು ಕಿಟಕಿ, ಗುಂಡಿಗಳಿಗೆ ಒಂದು ಕಿಟಕಿ ಕೊರೆದ. ಮೊದಲ ಸಲ ತಪ್ಪಾಗಿ ಬಲಗಡೆ ಕೊರೆದು "ಇದೂ ನಡೀತೈತ್ರಿ" ಅಂದ! ಹಿಂಬದಿಗೆ ಅಡ್ಡಪಟ್ಟಿ ಹೊಲಿಸಿದೆ. ನಾಲ್ಕು ಬೆರಳು ಅದರೊಳಗೆ ತೂರಿಸಿದರೆ ಬೇಕೆಂದರೂ ಬೀಳುವುದಿಲ್ಲ, ಹೆಬ್ಬೆರಳು ಆಡಲು ಬಿಡುವಾಗಿರುತ್ತದೆ.

೧೯ ಜೂನ್, ಮಂಗಳವಾರ

ಬೀಳಲಿಲ್ಲ. ಇಡೀ ಮಧ್ಯಾಹ್ನ ಗೇಮಿನ ಟಿಕ್ ಟಿಕ್ ಸದ್ದು ಬಿಟ್ಟರೆ ಮನೆ ಗಪ್. ಓಣಿಯ ಹೆಂಗಸರು ಸೀರೆಗೆ ಹೊಂದಿಸಿ ಕೊಟ್ಟಿದ್ದ ಮೂರು ಜಂಪರ್ ಹೊಲಿದು ಮುಗಿಸಿದೆ. ನಿಂಗವ್ವ ಬಾಗಿಲಲ್ಲಿ ಇಣುಕಿ, "ಮನ್ಯಾಗ ಅದಾರೋ ಇಲ್ಲೋ ಅಂತ ನೋಡಾಕ ಬಂದೆ" ಅಂದಳು.

ಚೆನ್ನಾಗಿದೆ ಎಂದು ಮಾತ್ರ ಅಪ್ಪ ಹೇಳಲಿಲ್ಲ. ಹೇಳಿದ್ದರೆ ಸೂರ್ಯ ಪಶ್ಚಿಮಕ್ಕೆ ಹುಟ್ಟುತ್ತಿದ್ದ.

೨೫ ಜೂನ್, ಸೋಮವಾರ

ಎಲ್ಲ ಹಾಳಾಯಿತು.

ಚನ್ನಬಸಯ್ಯನವರು ಬಂದಿದ್ದರು. ಸೋಮವಾರಕ್ಕೊಮ್ಮೆ ಪಾದೋದಕ ಕೊಟ್ಟು ಪ್ರಸಾದ ಮಾಡಿ ಹೋಗುವ ಅಯ್ಯನವರು, ಪಾಪದ ಮನುಷ್ಯ. ಅಪ್ಪ ಆಡುವುದನ್ನು ಸುಮ್ಮನೆ ನೋಡುತ್ತ ಕೂತವರು, "ಯಜಮಾನ್ರ, ಅದು ತೊಗಲಲ್ಲೇನ್ರಿ?" ಅಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅಪ್ಪ ಕೈಯನ್ನೇ ನೋಡಿದ. ಹಲ್ಲಿನಿಂದ ಪಟ್ಟಿ ಎಳೆದು ಬಿಚ್ಚಿ ಕವರನ್ನು ಗೇಮ್ ಸಮೇತ ಎಸೆದ. ಗಾಜಿನ ಮೂಲೆಗೆ ಸೀಳು ಬಿತ್ತು.

"ಲಿಂಗಾ ಹಿಡಿಯೂ ಕೈಗೆ ತೊಗಲ ಕಟ್ಟೀಯೇನ? ನನ್ನ ಮಗಳಾಗಿ ಹುಟ್ಟಿ ಇಷ್ಟೂ ತಿಳೀದಿಲ್ಲೇನ ನಿನಗ?"

"ನಿಮ್ಮ ವಾಚಿನ ಪಟ್ಟಿ ಏನ್ ರೇಷ್ಮಿದ್ದೇನ್ರಿ? ಅದೂ ಅದ ಕೈಯಾಗ ಐತಿ."

"ಅದು ಮಣಿಕಟ್ಟು. ಇದು ಅಂಗೈ!"

ಕವರ್ ಎತ್ತಿಕೊಂಡೆ. ದಿನಾ ಬೆಳಿಗ್ಗೆ ಆ ಅಂಗೈಯನ್ನು ತೊಳೆದು ಒರೆಸಿ, ಕರಡಿಗೆಯಿಂದ ಲಿಂಗ ತೆಗೆದು ಅದರ ಮೇಲೆ ಇಡುವವಳು ನಾನು. ಅವನ ಬಲಗೈ ಸತ್ತಂದಿನಿಂದ ನಾನೇ. ಆದರೂ ಹೊಳೆಯಲಿಲ್ಲ. ಬಜಾರಿನಲ್ಲಿ ಬೇರೆ ಯಾರೋ ಕೊಂಡಿದ್ದರೆ ಮಾತು ಬೇರೆ. ನನಗೆ ಹೊಳೆಯಬೇಕಿತ್ತು. ಅದಕ್ಕೇ ಸಿಟ್ಟು ಇನ್ನೂ ಇಳಿದಿಲ್ಲ... ಅವನ ಮೇಲೂ, ನನ್ನ ಮೇಲೂ.

೨೮ ಜೂನ್, ಗುರುವಾರ

ಬಟ್ಟೆಯಲ್ಲಿ ಹೊಲಿದೆ. ಒಳಗೆ ಹತ್ತಿ ತುಂಬಿ, ಕೌದಿಯ ಹಾಗೆ ಸಾಲು ಸಾಲು ಹೊಲಿಗೆ ಹಾಕಿ. ಗೇಮ್ ಬಿದ್ದರೂ ಒಡೆಯುವುದಿಲ್ಲ. ಆದರೆ ದಪ್ಪವಾಯಿತು, ಅಪ್ಪನ ಹೆಬ್ಬೆರಳು ಗುಂಡಿಗೆ ಮುಟ್ಟುವುದಿಲ್ಲ.

"ಕೂಸಿಗೆ ಕುಂಚಗಿ ಹೊಲದಂಗ ಹೊಲದೀ. ಆಡೂದು ಹೆಂಗ? ಮಲಗಸಿ ತೂಗಲೇನು?"

ನಗು ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಹತ್ತಿ ತೆಗೆದು ಬಿಗಿ ಮಾಡಿದೆ. ಬೆರಳು ಜೋಮು ಹಿಡಿಯುತ್ತವಂತೆ. ಸಡಿಲ ಮಾಡಿದೆ. ಜಾರುತ್ತದಂತೆ. ಉಣ್ಣುವ ಗಂಗಾಳ ಗೋಡೆಗೆ ಹೋಯಿತು. ನಿಂಗವ್ವ ಎರಡು ದಿನದಿಂದ ಈ ಕಡೆ ಸುಳಿದಿಲ್ಲ.

೧ ಜುಲೈ, ರವಿವಾರ

ನೂಲು ತರುತ್ತೇನೆಂದು ಹೇಳಿ ಖಾನಾಪುರಕ್ಕೆ ಹೋಗಿ ಬಂದೆ. ಕೋಣೆ ನೋಡಿದೆ. ಒಂದು ಕಿಟಕಿ, ಒಂದು ಗೂಡು, ಒಳಗಿನಿಂದ ಹಾಕಿಕೊಳ್ಳುವ ಅಗುಳಿ. ಅಗುಳಿ ಹಾಕಿ ಸ್ವಲ್ಪ ಹೊತ್ತು ಒಬ್ಬಳೇ ನಿಂತೆ. ಯಾರೂ ಕರೆಯಲಿಲ್ಲ. ಈ ಕೋಣೆ ನನಗೆ ಬೇಕು. ಇಷ್ಟು ಬೇಕೆಂದು ಯಾವುದೂ ಅನಿಸಿರಲಿಲ್ಲ.

ಬರುವಾಗ ಅಲ್ಲಿಯ ಕುಂಬಾರ ಓಣಿಯಲ್ಲಿ ಒಂದು ಯೋಚನೆ ಬಂತು. ಜಂಪರಿಗೆ ಮೈ ಅಳತೆ ಬೇಡವೇ? ಕೈಗೂ ಅಳತೆ ಬೇಕು, ಟೇಪಿಗೆ ಸಿಗದ ಅಳತೆ. ಒಂದು ಮುದ್ದೆ ಹದವಾದ ಮಣ್ಣು ಕೇಳಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದೆ.

೨ ಜುಲೈ, ಸೋಮವಾರ

ಕೈಗೆ ವ್ಯಾಯಾಮ, ಡಾಕ್ಟರ್ ಹೇಳಿದ್ದಾರೆ ಎಂದು ಸುಳ್ಳು ಹೇಳಿ ಮಣ್ಣನ್ನು ಅಪ್ಪನ ಕೈಗೆ ಕೊಟ್ಟೆ. ಹಿಡಿದ. ಬೆರಳು, ಹಸ್ತ, ಹೆಬ್ಬೆರಳಿನ ಬುಡ, ಎಲ್ಲ ಒಡಮೂಡಿತು. ಬಿಡಿಸಿಕೊಳ್ಳಲು ಹೋದೆ. ಬಿಡಲಿಲ್ಲ, ಮೂಸಿ ನೋಡಿದ.

"ಇದು ಖಾನಾಪುರದ ಮಣ್ಣು. ಈ ಮಣ್ಣಿನ ಹಂಚು ಎಷ್ಟ್ ವ್ಯಾಗನ್ ಇಳಿಸೀನಿ ನಾ! ಖಾನಾಪುರಕ್ಕ ಯಾಕ ಹೋಗಿದ್ದಿ?"

ಹೇಳಿಬಿಟ್ಟೆ. ಕೆಲಸ, ಕೋಣೆ, ಹದಿನಾರನೇ ತಾರೀಖು, ನಿಂಗವ್ವ, ಎಲ್ಲ.

"ಅಂದ್ರ ಈ ಕವರು ನನ್ನ ಸಂಬಂಧ ಅಲ್ಲ. ಆಟದ ಸಾಮಾನ ಕೊಟ್ಟು ಕೂಸಿನ್ನ ಮಲಗಿಸಿ ಓಡಿ ಹೋಗಾಕ."

"ಹೌದ್ರಿ. ಓಡಿ ಹೋಗಾಕನ."

"ಹೋಗು ನೋಡೂಣು. ನಾ ಆ ಗೇಮ್ ಮುಟ್ಟಿದ್ರ ಕೇಳು."

ಮಣ್ಣು ಎಸೆಯುತ್ತಾನೆ ಅಂದುಕೊಂಡೆ. ಎಸೆಯಲಿಲ್ಲ, ಹಾಸಿಗೆಯ ಮೇಲೆ ಬಿಟ್ಟ. ಎತ್ತಿಕೊಂಡು ನೆರಳಿಗೆ ಒಣಗಲು ಇಟ್ಟೆ. ಹಟದಲ್ಲಿ ನಾನೂ ಅವನ ಮಗಳೇ.

೭ ಜುಲೈ, ಶನಿವಾರ

ಮುಗಿಯಿತು.

ಮಣ್ಣಿನ ಅಚ್ಚಿಗೆ ಹೊಂದುವಂತೆ ಕೊರೆಯಲು ಮೆತ್ತಗಿನದು, ಹಗುರವಾದದ್ದು, ಜಾರದೇ ಇರುವುದು ಬೇಕಿತ್ತು. ಕಟ್ಟಿಗೆ ಭಾರ. ಸ್ಪಂಜು ಕುಸಿಯುತ್ತದೆ. ನನ್ನ ಕಾಲ ಕೆಳಗೇ ಇತ್ತು — ಹವಾಯಿ ಚಪ್ಪಲಿ. ಹೊಸ ಜೋಡಿ ತಂದೆ. ಯಾರೂ ಮೆಟ್ಟಿದ್ದಲ್ಲ. ಆದರೆ ಚಪ್ಪಲಿ ಚಪ್ಪಲಿಯೇ, ಗೊತ್ತಿದ್ದೇ ಮಾಡಿದೆ. ಬ್ಲೇಡಿನಿಂದ ಕೊರೆದು, ಪ್ರತಿ ಬೆರಳಿಗೂ ತಗ್ಗು ಮಾಡಿ, ಗೇಮಿನ ಬೆನ್ನಿಗೆ ಕೂರಿಸಿ, ಮೇಲೆ ನನ್ನ ಹಳೇ ಮಖಮಲ್ ಜಂಪರಿನ ಬಟ್ಟೆ ಹೊಲಿದೆ. ಪಟ್ಟಿ ಕಾಟನ್ನಿನದು.

ಹೊಲಿಯುವಾಗ ಖುಷಿಯಾಯಿತು. ತೊಗಲು ಬೇಡ ಅಂದೆಯಲ್ಲ, ತಗೋ ಚಪ್ಪಲಿ.

ಹಾಸಿಗೆಯ ಬದಿಗೆ ಇಟ್ಟು ಮಷಿನ್ನಿಗೆ ಬಂದು ಕೂತೆ. ನಾಲ್ಕು ಗಂಟೆಯ ಹೊತ್ತಿಗೆ ಟಿಕ್ ಟಿಕ್ ಕೇಳಿಸಿತು.

೧೦ ಜುಲೈ, ಮಂಗಳವಾರ

ಬೀಳುವುದಿಲ್ಲ. ಎಸೆದಾಟವಿಲ್ಲ. ನಿಂಗವ್ವ ಒಪ್ಪಿದಳು. ನಿನ್ನೆ ಅಯ್ಯನವರೂ ನೋಡಿ, "ಮಖಮಲ್ ಛಲೋ ಕಾಣ್ತೈತಿ" ಎಂದು ಹೋದರು.

ಬೆಳಿಗ್ಗೆ ಲಿಂಗ ಇಡುವ ಮೊದಲು ಅವನ ಕೈಯನ್ನು ಎರಡೆರಡು ಸಲ ತೊಳೆಯುತ್ತಿದ್ದೇನೆ. ಯಾಕೆ ಎಂದು ಅವನು ಕೇಳಿಲ್ಲ.

೧೫ ಜುಲೈ, ರವಿವಾರ, ಸಂಜೆ

ಟ್ರಂಕ್ ತುಂಬಿಸುತ್ತಿದ್ದೆ. ಅಪ್ಪ ಕರೆದ.

"ಕಾಂತಾ. ಇದರಾಗ ಚಪ್ಪಲಿ ಐತಿ."

ಕೈಯಲ್ಲಿದ್ದ ಸೀರೆ ಹಾಗೇ ಹಿಡಿದು ನಿಂತೆ.

"ರಬ್ಬರಿನ ವಾಸನಿ ಗೊತ್ತಾಗೂದಿಲ್ಲೇನ ನನಗ? ಕೈಕಾಲ ಹೋಗ್ಯಾವು, ಮೂಗ ಹೋಗಿಲ್ಲ."

"ಯಾವಾಗ ಗೊತ್ತಾತ್ರಿ?"

"ಕೊಟ್ಟ ದಿನಾನ. ನಾಳೆ ನೀ ಹೋದ್ರ ಅಯ್ಯನವರಿಗೆ ಹೇಳ್ತೀನಿ. ಮಂದಿಗೆಲ್ಲಾ ಹೇಳ್ತೀನಿ. ಹೆತ್ತ ಮಗಳು ಲಿಂಗದ ಕೈಯಾಗ ಚಪ್ಪಲಿ ಇಟ್ಲು ಅಂತ."

ಒಂದು ಕ್ಷಣ ಹೆದರಿದೆ. ಖರೇ ಹೆದರಿದೆ. ಹೇಳಿದರೆ ಖಾಸಬಾಗದಲ್ಲಿ ನನಗೆ ಒಂದು ಜಂಪರ್ ಹೊಲಿಯಲು ಕೊಡುವವರಿರುವುದಿಲ್ಲ. ಆಮೇಲೆ ಎಲ್ಲಿಂದಲೋ ಬಂತು ಮಾತು.

"ಹೇಳ್ರಿ. ಗೊತ್ತಿದ್ದೂ ಇಷ್ಟ ದಿನಾ ಬಿಗಿ ಹಿಡಕೊಂಡಿದ್ದೆ ಅಂತನೂ ಹೇಳ್ರಿ."

ಬಾಯಿ ತೆರೆದ, ಮುಚ್ಚಿದ. ಆ ನಾಲಿಗೆ ಸೋತದ್ದನ್ನು ಈ ಜನ್ಮದಲ್ಲಿ ಮೊದಲ ಸಲ ನೋಡಿದೆ. ಗೋಡೆಯ ಕಡೆ ಹೊರಳಿದ. ಗೋಡೆಗೇ ಹೇಳಿದ:

"ಕೈಗೆ ಹಿತಾ ಆಗಿತ್ತು. ಅದಕ್ಕ ಹಿಡಕೊಂಡೆ."

ನನ್ನ ಕೈಯ ಕೆಲಸದ ಬಗ್ಗೆ ಅವನ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು. ಬೈಗುಳದ ಧಾಟಿಯಲ್ಲೇ ಬಂತು. ಗೆದ್ದೆ ಅಂದುಕೊಂಡು ಟ್ರಂಕಿಗೆ ಬೀಗ ಹಾಕಿದೆ. ಗೆದ್ದ ಹಾಗೆ ಅನಿಸಲಿಲ್ಲ.

೧೬ ಜುಲೈ, ಸೋಮವಾರ. ಖಾನಾಪುರ

ಹಾಜರಾದೆ. ಸಹಿ ಹಾಕಿದೆ. ಹುಡುಗಿಯರು ಊಟಕ್ಕೆ ಹೋಗಿದ್ದಾರೆ. ಅಗುಳಿ ಹಾಕಿಕೊಂಡು ಬರೆಯುತ್ತಿದ್ದೇನೆ.

ಬೆಳಿಗ್ಗೆ ಹೊರಡುವ ಮೊದಲು ಅಪ್ಪನಿಂದ ಪೂಜೆ ಮಾಡಿಸಿದೆ. ಲಿಂಗವನ್ನು ಕರಡಿಗೆಗೆ ಇಟ್ಟು ಕೊರಳಿಗೆ ಹಾಕಿದೆ. "ಅದನ್ನ ಕೊಡು ಇಲ್ಲೆ" ಅಂದ. ಗೇಮ್ ಕೈಗೆ ಕಟ್ಟಿದೆ. ನಿಂಗವ್ವ ಚಾ ಕಾಸುತ್ತಿದ್ದಳು. ಟ್ರಂಕ್ ಎತ್ತಿಕೊಂಡು ಹೊಸ್ತಿಲಲ್ಲಿ ನಿಂತು, "ಹೋಗಿ ಬರ್ತೀನ್ರಿ ಅಪ್ಪಾ" ಅಂದೆ.

ತಲೆ ಎತ್ತಲಿಲ್ಲ. "ಆಟದಾಗ ಅದೀನಿ. ಕಾಡಬ್ಯಾಡ. ಬಸ್ ತಪ್ಪತೈತಿ, ನಡಿ."

ಎಂಥ ಕಲ್ಲು ಎಂದುಕೊಂಡು ತಿರುಗಿದೆ. ಮೆಟ್ಟಿಲು ಇಳಿದ ಮೇಲೆ ಗಮನಕ್ಕೆ ಬಂತು, ಟಿಕ್ ಟಿಕ್ ಇಲ್ಲ. ಕಿಟಕಿಯಿಂದ ನೋಡಿದೆ. ಹೆಬ್ಬೆರಳು ಒತ್ತುತ್ತಲೇ ಇತ್ತು. ಗಾಜು ಖಾಲಿ. ಕುಳ್ಳನೂ ಇಲ್ಲ, ತೆಂಗಿನಕಾಯಿಯೂ ಇಲ್ಲ. ರಾತ್ರಿಯೇ ಸೆಲ್ ತೀರಿರಬೇಕು.

ಹೇಳಿದ್ದರೆ? ಸೆಲ್ ಸಿಗುವ ವಾಚಿನ ಅಂಗಡಿ ತೆರೆಯುವುದು ಹತ್ತಕ್ಕೆ. ನಾನು ನಿಲ್ಲುತ್ತಿದ್ದೆ. ಬಸ್ಸು ತಪ್ಪುತ್ತಿತ್ತು, ಇವತ್ತಿನ ಹಾಜರಿ ತಪ್ಪುತ್ತಿತ್ತು. ನನ್ನನ್ನು ಕಟ್ಟಿಹಾಕಲು ಅವನಿಗೆ ಅದೊಂದು ಮಾತು ಸಾಕಿತ್ತು. ಆಡಲಿಲ್ಲ.

ಕಿಟಕಿಯಿಂದ ಸರಿದು ಹೊರಟೆ. ಬಸ್ಸಿನಲ್ಲಿ ಅಳು ಬಂತು, ಸಿಟ್ಟೂ ಬಂತು. ಇಷ್ಟು ವರ್ಷ ಹಾಗೆ ಮಾಡಿ ಇವತ್ತೊಂದು ದಿನ ಹೀಗೆ ಮಾಡಿದರೆ ನಾನು ಯಾರನ್ನು ದ್ವೇಷಿಸಲಿ? ಅದನ್ನೂ ಕಿತ್ತುಕೊಂಡ.

ಸೆಲ್ ತೀರಿದೆ ಎಂದು ನಿಂಗವ್ವನಿಗೂ ಹೇಳುವುದಿಲ್ಲ ಅವನು. ಹೇಳಿದರೆ ಅವಳು ನನಗೆ ಸುದ್ದಿ ಕಳಿಸುತ್ತಾಳೆ, ನಾನು ಓಡಿ ಬರುತ್ತೇನೆ ಎಂದು. ಎಸೆಯುವುದೂ ಇಲ್ಲ. ಶನಿವಾರದವರೆಗೂ ಆ ಖಾಲಿ ಗಾಜನ್ನೇ ನೋಡುತ್ತ, ಗುಂಡಿ ಒತ್ತುತ್ತ—