ಭವಾನಿಯೂ ಭಾರ ಎತ್ತುತ್ತಿದ್ದಾಳೆ

ಶಿವಾಲ, ವಾರಾಣಸಿ
ಕಾರ್ತಿಕ ಸೋಮವಾರ, 18 ನವೆಂಬರ್ 2024

ನನ್ನ ಬಂಗಾರದಂಥ ಮಗಳು ವಚನಾಗೆ, ಅಪ್ಪ ಮಾಡುವ ಆಶೀರ್ವಾದ.

ಸೊಂಟ ಹೇಗಿದೆ ಮಗಳೇ? ಗೋಡೆ ಹಿಡಿದುಕೊಂಡು ಬಚ್ಚಲತನಕ ನೀನೇ ಹೋಗಿಬರುತ್ತೀ ಎಂದು ನಿನ್ನ ಸೋದರತ್ತೆ ಭಾಗೀರಥಮ್ಮ ಫೋನಿನಲ್ಲಿ ಹೇಳಿದಳು. ಕೇಳಿ ಸಮಾಧಾನವಾಯಿತು. ನನ್ನ ತಂಗಿಯ ಮನೆ ನಿನಗೆ ಹೊಸದಲ್ಲ, ಗದಗಿನ ಹವೆಯೂ ಒಳ್ಳೆಯದು. ಇಲ್ಲಿ ಈಗಲೇ ಚಳಿ ಬಿದ್ದಿದೆ. ಆಪರೇಷನ್ ಆದ ಬೆನ್ನಿಗೆ ಕಾಶಿಯ ಚಳಿ ಆಗಿಬರುವುದಿಲ್ಲ. ನಾನು ಫೋನ್ ಮಾಡಿದರೆ ನೀನು ತೆಗೆಯುವುದಿಲ್ಲ. ಮಲಗಿದ್ದೀಯೇನೋ ಎಂದುಕೊಳ್ಳುತ್ತೇನೆ. ಇಲ್ಲಿಯ ನಮ್ಮ ಮಠಕ್ಕೆ ಬಂದಿದ್ದ ದಾನಯ್ಯನವರು ಇವತ್ತು ಸಂಜೆಯ ರೈಲಿಗೆ ಗದಗಿಗೆ ಹೊರಟಿದ್ದಾರೆ, ಅವರ ಕೈಲಿ ಈ ಕಾಗದ ಕಳಿಸುತ್ತೇನೆ.

ನಿನ್ನ ಅವ್ವ ಚೆನ್ನಾಗಿದ್ದಾಳೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಅಷ್ಟೇ. ತಟ್ಟೆ ಇಡುತ್ತಾಳೆ, ಬಡಿಸುತ್ತಾಳೆ, ಒಳಗೆ ಹೋಗುತ್ತಾಳೆ. ಅವಳ ತಲೆಯಲ್ಲಿ ಇರುವುದು ಒಂದೇ, ಲಕ್ನೋದ ಸ್ಪರ್ಧೆಯಲ್ಲಿ ನೀನು ಬಿದ್ದದ್ದು. ಅದಕ್ಕೂ ಮುಂಚೆ ನೀನು ಭಾರ ಎತ್ತಿ ಬೆಳ್ಳಿ ಪದಕ ತಂದಾಗ ಸ್ವಾಮಿಗಳು ಎಲ್ಲರೆದುರು ಶಾಲು ಹೊದಿಸಿದ್ದು, ಮಠದ ಉಗ್ರಾಣದ ಸೋಮಲಿಂಗಯ್ಯ ಎನ್ನುತ್ತಿದ್ದವರೆಲ್ಲ ನನ್ನನ್ನು ವಚನಾಳ ಅಪ್ಪ ಎಂದು ಕರೆಯತೊಡಗಿದ್ದು ಅವಳಿಗೆ ನೆನಪಿಲ್ಲ. ನನಗೆ ನೆನಪಿದೆ.

ಕೋಚ್ ಬಾಲಚಂದ್ರ ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ನೆಲದಿಂದ ಭಾರ ಎಳೆಯುವಾಗ ಹುಡುಗಿಯ ಬೆನ್ನು ಬಾಗುತ್ತಿತ್ತು, ತೂಕ ಇಳಿಸಿ, ವಿಶ್ರಾಂತಿ ಕೊಡಿ ಎಂದು ಅವರಪ್ಪನಿಗೆ ಹೇಳಿದ್ದೆ, ಅವರು ಕೇಳಲಿಲ್ಲ ಎಂದು. ಹೇಳಿದ್ದು ನಿಜ. ಆದರೆ ಲಕ್ನೋದ ಆಯ್ಕೆ ಸ್ಪರ್ಧೆ ಎದುರಿಗಿರುವಾಗ ಯಾರು ವಿಶ್ರಾಂತಿ ಕೊಡುತ್ತಾರೆ? ನೀನೂ ಒಂದು ಬೆಳಿಗ್ಗೆ ಮಂಚದ ಅಂಚು ಹಿಡಿದು ನಿಂತು, “ಅಪ್ಪಾ, ಎಡಗಾಲು ನಂದಲ್ಲ ಅನಸ್ತದ” ಎಂದೆ. ನಾನು ಎಣ್ಣೆ ತಿಕ್ಕಿದೆ, ನೋವಿನ ಗುಳಿಗೆ ತಂದುಕೊಟ್ಟೆ. ನುಂಗಿದ ಮೇಲೆ ನೋವು ಹೋಗುತ್ತಿತ್ತೋ ಇಲ್ಲವೋ ನೀನೇ ಹೇಳು. ಲಕ್ನೋದಲ್ಲಿ ನೀನು ಎರಡು ಸಲ ಸಲೀಸಾಗಿ ಎತ್ತಿದೆ. ಮೂರನೆಯದಕ್ಕೆ ಮುಂಚೆ ನನ್ನ ಕಡೆ ನೋಡಿ ಬೇಡವೆಂದು ತಲೆ ಅಲ್ಲಾಡಿಸಿದ್ದು ನನಗೆ ಕಂಡಿತು. ಎತ್ತು ಎಂದು ಕೈ ಮಾಡಿದೆ. ಸರಳು ಮೊಳಕಾಲಿನವರೆಗೆ ಬಂತು, ಅಷ್ಟರಲ್ಲಿ ನೀನು ಅದರ ಮೇಲೆಯೇ ಕುಸಿದೆ. ನಿನ್ನನ್ನು ಸ್ಟ್ರೆಚರಿಗೆ ಹಾಕುವಾಗ ನಾನು ಬೋರ್ಡು ನೋಡಿದೆ. ಅದೊಂದು ಎತ್ತಿದ್ದರೆ ಚಿನ್ನ ನಿನ್ನದೇ ಆಗಿತ್ತು.

ಬೆನ್ನಿನ ಡಿಸ್ಕ್ ಜಾರಿ ನರ ಒತ್ತಿದೆ ಎಂದ ಡಾಕ್ಟರು, ಇಂಥ ನೋವಿಗೆ ಗುಳಿಗೆ ಕೊಟ್ಟು ಎತ್ತಿಸಿದವರು ಯಾರು ಎಂದು ಕೇಳಿದರಲ್ಲ, ಅವಳೇ ನನಗೆ ತಿಳಿಸದೆ ತಿಂದಿದ್ದಾಳೆ ಎಂದೆ ನಾನು. ನೀನು ಮಲಗಿದ್ದಲ್ಲೇ ಕೇಳಿಸಿಕೊಂಡೆ, ಬಾಯಿ ಬಿಡಲಿಲ್ಲ. ಅಪ್ಪನ ಮಾನ ಕಾಯುವ ಮಗಳು ಎಲ್ಲರಿಗೂ ಸಿಗುವುದಿಲ್ಲ.

ಈಗ ಸಂತೋಷದ ಸುದ್ದಿ. ನಿನ್ನ ತಂಗಿ ಭವಾನಿಯೂ ಭಾರ ಎತ್ತಲು ಶುರುಮಾಡಿದ್ದಾಳೆ. ಬಾಲಚಂದ್ರ ಸೇರಿಸಿಕೊಳ್ಳಲಿಲ್ಲ, ಬೇರೆ ಜಿಮ್ಮಿಗೆ ಹಾಕಿದ್ದೇನೆ. ನಿನ್ನ ಬೂಟು ಅವಳಿಗೆ ದೊಡ್ಡದು, ಮುಂದೆ ಬಟ್ಟೆ ತುರುಕಿದ್ದೇವೆ. ಸೊಂಟದ ಪಟ್ಟಿಗೆ ಇನ್ನೊಂದು ತೂತು ಹಾಕಿಸಿದೆ. ಸಣ್ಣ ಹುಡುಗಿಯಾದರೂ ಹಟಮಾರಿ. ನಿನ್ನ ಹಾಗೆ ಕನ್ನಡದಲ್ಲಿ ಅಳುವುದಿಲ್ಲ, ಹಿಂದಿಯಲ್ಲಿ ಅಳುತ್ತಾಳೆ. ಅತ್ತು ಮುಗಿಸಿ ಎತ್ತುತ್ತಾಳೆ. ಅಕ್ಕನಿಗಿಂತ ಬೇಗ ಮೇಲೆ ಬರುತ್ತಾಳೆ ಎಂದು ಹೊಸ ಕೋಚ್ ಹೇಳಿದ. ನಿನಗೆ ಹೊಟ್ಟೆಕಿಚ್ಚಾಗದು ಎಂದು ಬರೆದೆ. ಅವ್ವ ಮಾತ್ರ ಸಂಜೆಯೆಲ್ಲ ಜಿಮ್ಮಿನ ಬಾಗಿಲಲ್ಲಿ ಕೂತಿರುತ್ತಾಳೆ. ಒಳಗೆ ಕಬ್ಬಿಣ ಬಿದ್ದ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಾಳಂತೆ. ನೋಡಿದವರು ನಗುತ್ತಾರೆ.

ಅತ್ತೆಗೆ ಹೊರೆಯಾಗದಂತೆ ಇರು. ಹೊತ್ತಿಗೆ ಸರಿಯಾಗಿ ಊಟ ಮಾಡು. ವಿಶ್ವನಾಥ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಒಳ್ಳೆಯದನ್ನೇ ಬಯಸುವ ಅಪ್ಪ,
ಸೋಮಲಿಂಗಯ್ಯ

ಮರೆತಿದ್ದೆ: ದಾನಯ್ಯನವರು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಭವಾನಿಗೆ ನಿನ್ನೆಯಿಂದ ಎಡಗಾಲು ಜೋಮು ಹಿಡಿಯುತ್ತಿದೆಯಂತೆ. ಅವ್ವನಿಗೆ ಹೇಳಬೇಡ ಎಂದಿದ್ದೇನೆ. ನಿನಗೆ ಹಾಗೆ ಶುರುವಾದ ಮೇಲೆ ಎಷ್ಟು ದಿನ ಎತ್ತಲು ಆಯಿತು? ಅವಳ ಸ್ಪರ್ಧೆಗೆ ಇನ್ನೂ ಒಂದು ತಿಂಗಳಿದೆ. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ, ಅತ್ತೆಯ ಕೈಲಿ ಹೇಳಿಸು.