ಗೊರಕೆ ಅಕ್ಕ ದನಿ ಕೊಟ್ಟಳು

ಮುದ್ದಿನ ತಮ್ಮನಿಗೆ,

ನಿನ್ನ ಹಾಸ್ಯದ ಮಂಗಾ ಚಿತ್ರಕಥೆ ಈಗ ಅನಿಮೆ ಕಾರ್ಟೂನಾಗಿ ಟಿವಿಗೆ ಬರುತ್ತಿರುವುದು ಸಂತೋಷ. ಅದರಲ್ಲಿ ನನ್ನನ್ನು ‘ಗೊರಕೆ ಅಕ್ಕ’ ಮಾಡಿ ಊರನ್ನೆಲ್ಲ ನಗಿಸಿದೆ. ತರಕಾರಿಯವನೂ “ಏನಕ್ಕಾ, ಚೆನ್ನಾಗಿ ನಿದ್ದೆ ಬಂತಾ?” ಅಂತ ಹಲ್ಲು ಕಿರಿಯುತ್ತಾನೆ. ಚಿಕ್ಕಂದಿನಲ್ಲಿ ನಮ್ಮಿಬ್ಬರ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದವರು ಯಾರೆಂದು ಅಮ್ಮನಿಗೆ ಗೊತ್ತು.

ಕಾರ್ಟೂನಿನ ಹುಡುಗರಿಗೆ ಹೆಚ್ಚಾಗಿ ನಮ್ಮಂಥ ಡಬ್ಬಿಂಗ್ ಮಾಡುವ ಹೆಂಗಸರೇ ದನಿ ಕೊಡುವುದು ನಿನಗೆ ಗೊತ್ತಲ್ಲ? ನಿನ್ನನ್ನೇ ನೋಡಿಕೊಂಡು ಬರೆದ ಆ ಶೂರ ನಾಯಕನಿಗೆ ನಾನೇ ಆಯ್ಕೆಯಾಗಿದ್ದೇನೆ. ಅವನು ಮಲಗುವ ದೃಶ್ಯದಲ್ಲಿ ಮಾತಿರಲಿಲ್ಲ. ಗೊರಕೆ ಹೊಡೆದೆ, ಥೇಟ್ ನಿನ್ನದೇ, ಕೊನೆಯ ಸಿಳ್ಳೆ ಸಮೇತ. ನಿರ್ದೇಶಕರು ಬಿದ್ದು ಬಿದ್ದು ನಕ್ಕು, “ಪ್ರತಿ ಕಂತಲ್ಲೂ ಇರ್ಲಿ” ಅಂದರು.

ಮೊದಲ ಕಂತನ್ನು ದಯವಿಟ್ಟು ನಿನ್ನ ಮಾವನ ಮನೆಯಲ್ಲೇ ನೋಡು. ಟಿವಿ ಜೋರಾಗಿಡು. ಅದು ಯಾರ ಗೊರಕೆಯೆಂದು ನಿನ್ನ ಹೆಂಡತಿ ಅಡುಗೆಮನೆಯಿಂದಲೇ ಹೇಳುತ್ತಾಳೆ.

ಇಂತಿ,
ಹೊಟ್ಟೆ ತಣ್ಣಗಾದ ನಿನ್ನ ಅಕ್ಕ