ಚಿಮಣಿಯ ಮೇಲೊಂದು ಕಣ್ಣು

ಅಕ್ಕಾ, ನಿನ್ನ ತಂಗಿ ಹಡಗು ತಪ್ಪಿಸಿಕೊಂಡಿಲ್ಲ, ಮೊದಲು ಅದನ್ನು ತಿಳಿದುಕೋ.

ಇವತ್ತು ನಮ್ಮ ಪ್ರವಾಸದ ಹಡಗು ಒಂದು ಊರಿನ ಬಂದರಿನಲ್ಲಿ ನಿಂತಿತ್ತು. ಎಲ್ಲರ ಜೊತೆ ಹಡಗಿನವರ ಬಸ್ಸಿನಲ್ಲಿ ಊರು ನೋಡೋಣ ಎಂದರೆ ನಮ್ಮನೆಯವರು ಕೇಳಲಿಲ್ಲ, ಬಾಡಿಗೆ ಕಾರು ಹಿಡಿದು ತಾವೇ ಓಡಿಸಿದರು. ತಡವಾದರೆ ಬಸ್ಸಿನವರಿಗೆ ಹಡಗು ಕಾಯುತ್ತದಂತೆ, ಕಾರಿನವರಿಗೆ ಕಾಯುವುದಿಲ್ಲವಂತೆ. ಅದನ್ನು ಕೇಳಿದ ಮೇಲೆ ನಾನು ಹಡಗಿನ ಕಡೆಯಿಂದ ಕಣ್ಣು ತೆಗೆಯಲಿಲ್ಲ.

“ಹಡಗಿನ ಬಿಳಿ ಚಿಮಣಿ ಕಾಣೋ ರಸ್ತೇಲಿ ಮಾತ್ರ ಹೋಗಿ” ಎಂದೆ. ಗುಡ್ಡದ ಆಚೆ ಹಳೇ ಕೋಟೆ ಇತ್ತು, ಅಲ್ಲಿಂದ ಚಿಮಣಿ ಕಾಣುವುದಿಲ್ಲ, ಅದೂ ಬೇಡ ಎಂದೆ.

“ಹಡಗಿಗೆ ಹಗ್ಗ ಕಟ್ಟಿ ಜೊತೇಲೇ ಎಳ್ಕೊಂಡು ಬಾ ಮಹಾತಾಯಿ” ಎಂದರು.

ಗುಡ್ಡದ ಮೇಲೆ ಬನ್ನು ತಿನ್ನುತ್ತಿದ್ದೆವು, ಹಡಗು ಹೊರಟೇ ಹೋಯಿತು! ನಾನು ಗೋಳೋ ಎಂದೆ. ಇವರು ಬೆವರುತ್ತಾ ಕಾರು ಇಳಿಸಿದರು. ಬಂದು ನೋಡಿದರೆ ನಮ್ಮ ಹಡಗು ಅಲ್ಲೇ ನಿಂತಿದೆ! ಹೋದದ್ದು ಅದರ ಮುಂದೆ ಅಡ್ಡ ನಿಂತಿದ್ದ, ಅಂಥದೇ ಬಿಳಿ ಚಿಮಣಿಯ ಬೇರೆ ಹಡಗು.

“ದಿನವೆಲ್ಲಾ ಕಂಡೋರ ಹಡಗು ಕಾದ್ಯಲ್ಲೇ!” ಎಂದು ಇವರು ಇನ್ನೂ ನಗುತ್ತಿದ್ದಾರೆ.

ಬಿಪಿ ಮಾತ್ರೆ ತಪ್ಪಿಸಿಲ್ಲ. ನೀನು ಮಂಡಿಗೆ ಎಣ್ಣೆ ಹಚ್ಚುವುದು ಬಿಡಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು. ಕೋಟೆ ನೋಡಿದಳಾ ಎಂದು ಯಾರಾದರೂ ಕೇಳಿದರೆ ಹೂಂ ಅಂದುಬಿಡು, ಕಾರ್ಡಿನ ಹಿಂದೆ ಅದರ ಚಿತ್ರವಿದೆ.

ನಿನ್ನ ತಂಗಿ